ಹೊಟ್ಟೆಯ ಮೇಲಿನ ಬಾಯಿ



ಜ್ವರ ಬಂದರೆ ನಾವು ಹೇಳುತ್ತೇವೆ. ಮಂಡಿ ನೋವು ಅಂತ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇವೆ. ಸಕ್ಕರೆ ಕಾಯಿಲೆ, ಬೀಪಿ ಅಂತ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತೇವೆ. ಆದರೆ ಮಲ ಹೋಗುವ ಜಾಗದ ತೊಂದರೆಯನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಗಂಡನಿಗೂ ಹೇಳುವುದಿಲ್ಲ. ರಕ್ತ ಬಿದ್ದರೂ ಮೂಲವ್ಯಾಧಿ ಇರಬೇಕು ಅಂದುಕೊಂಡು ಸುಮ್ಮನಿರುತ್ತೇವೆ. ನಾಚಿಕೆ!

ಈ ಪಾಠ ಅಂಥ ನಾಚಿಕೆಯ ವಿಷಯದ್ದೇ. ಗುಂಪಿನಲ್ಲಿ ಓದುವಾಗ ಯಾರಾದರೂ ನಕ್ಕರೆ ನಗಲಿ. ಸೆರಗು ಮುಚ್ಚಿಕೊಂಡು ಕೇಳುವವರು ಹಾಗೇ ಕೇಳಲಿ. ಓದುವುದನ್ನು ಮಾತ್ರ ನಿಲ್ಲಿಸಬೇಡಿ.

ಸ್ಟೋಮಾ ಅಂದರೆ ಏನು?

ನಾವು ಉಂಡ ಅನ್ನ ಸಣ್ಣ ಕರುಳಿಗೆ ಹೋಗುತ್ತದೆ. ಅಲ್ಲಿಂದ ದೊಡ್ಡ ಕರುಳಿಗೆ ಹೋಗುತ್ತದೆ. ಉಳಿದದ್ದು ಮಲವಾಗಿ ಕೆಳಗೆ ಹೋಗುತ್ತದೆ. ಕೆಲವರಿಗೆ ಈ ದಾರಿ ಕೆಡುತ್ತದೆ. ಕರುಳಿನ ಕೊನೆಯಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆಯಬಹುದು. ಟೈಫಾಯಿಡ್ ಜ್ವರದಿಂದ ಅಥವಾ ಕ್ಷಯದಿಂದ ಕರುಳಿನಲ್ಲಿ ತೂತು ಬೀಳಬಹುದು. ಕರುಳು ತಿರುಚಿಕೊಳ್ಳಬಹುದು. ಅಪಘಾತದಲ್ಲಿ ಏಟು ಬೀಳಬಹುದು.

ಆಗ ಡಾಕ್ಟರು ಆಪರೇಷನ್ ಮಾಡುತ್ತಾರೆ. ಕರುಳಿನ ಒಂದು ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿಯುತ್ತಾರೆ. ಅಲ್ಲಿಂದ ಮಲ ಹೊರಗೆ ಬರುತ್ತದೆ. ಆ ದ್ವಾರಕ್ಕೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಸ್ಟೋಮಾ ಅಂದರೆ ಬಾಯಿ. ದೊಡ್ಡ ಕರುಳನ್ನು ತಂದರೆ ಕೊಲಾಸ್ಟಮಿ ಅನ್ನುತ್ತಾರೆ. ಇದು ಸಾಮಾನ್ಯವಾಗಿ ಹೊಟ್ಟೆಯ ಎಡಗಡೆ ಇರುತ್ತದೆ. ಸಣ್ಣ ಕರುಳನ್ನು ತಂದರೆ ಇಲಿಯಾಸ್ಟಮಿ. ಇದು ಸಾಮಾನ್ಯವಾಗಿ ಬಲಗಡೆ ಇರುತ್ತದೆ. ಮೂತ್ರಕ್ಕೂ ಹೀಗೆ ದಾರಿ ಮಾಡುವುದುಂಟು.

ಕೆಲವರಿಗೆ ಇದು ಕೆಲವು ತಿಂಗಳು ಮಾತ್ರ. ಒಳಗಿನ ಗಾಯ ಮಾಗಿದ ಮೇಲೆ ಮತ್ತೆ ಆಪರೇಷನ್ ಮಾಡಿ ಮುಚ್ಚುತ್ತಾರೆ. ಕೆಲವರಿಗೆ ಜೀವನಪೂರ್ತಿ ಇರುತ್ತದೆ.

ಎಳೆ ಮಕ್ಕಳಿಗೂ ಇದು ಬೇಕಾಗುತ್ತದೆ. ಗುದದ್ವಾರ ಇಲ್ಲದೆ ಹುಟ್ಟುವ ಮಕ್ಕಳಿವೆ. ಹುಟ್ಟಿದ ಒಂದೆರಡು ದಿನದಲ್ಲೇ ಅವುಗಳಲ್ಲಿ ಕೆಲವಕ್ಕೆ ಸ್ಟೋಮಾ ಮಾಡಿ ಜೀವ ಉಳಿಸುತ್ತಾರೆ. ಇಂಥ ಮಗು ಹುಟ್ಟಿದರೆ ಊರವರು ಏನಂತಾರೆ? ಗ್ರಹಣದ ದಿನ ತಾಯಿ ಹೊರಗೆ ಬಂದಳು ಅಂತಾರೆ. ಅದು ಸುಳ್ಳು. ಬಾಣಂತಿಯ ಮುಂದೆ ಯಾರಾದರೂ ಹಾಗೆ ಅಂದರೆ, ಅಲ್ಲೇ ಅವರ ಬಾಯಿ ಮುಚ್ಚಿಸಿ.

ಸ್ಟೋಮಾ ನೋಡಲು ಹೇಗಿರುತ್ತದೆ? ನಿಮ್ಮ ಕೆಳತುಟಿಯನ್ನು ಮಗುಚಿ ಕನ್ನಡಿಯಲ್ಲಿ ನೋಡಿ. ಕೆಂಪಗೆ, ಒದ್ದೆಯಾಗಿ ಇರುತ್ತದಲ್ಲ, ಹಾಗೇ ಇರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ನೋವು ತಿಳಿಸುವ ನರ ಅಲ್ಲಿ ಇಲ್ಲ. ಒರೆಸುವಾಗ ಒಂದು ಹನಿ ರಕ್ತ ಬಂದರೆ ಗಾಬರಿ ಬೇಡ. ಹಲ್ಲುಜ್ಜುವಾಗ ವಸಡಿನಿಂದ ಬರುವುದಿಲ್ಲವೇ? ಮೊದಲ ಆರರಿಂದ ಎಂಟು ವಾರ ಅದು ಊದಿಕೊಂಡಿರುತ್ತದೆ. ಆಮೇಲೆ ಚಿಕ್ಕದಾಗುತ್ತದೆ.

ಆದರೆ ಅದಕ್ಕೆ ಬಿಗಿ ಹಿಡಿಯುವ ಶಕ್ತಿ ಇಲ್ಲ. ಮಲ ಬಂದಾಗ ತಡೆಯಲು ಆಗುವುದಿಲ್ಲ. ಅದಕ್ಕೇ ಹೊಟ್ಟೆಗೆ ಅಂಟಿಸುವ ಒಂದು ಚೀಲ ಬೇಕು.

ಭಯ ಎಲ್ಲಿ ಶುರುವಾಗುತ್ತದೆ?

ಒಂದು ಮನೆ ಅಂದುಕೊಳ್ಳಿ. ಆ ಮನೆಯಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಅತ್ತೆಗೆ ಗುದದ ಹತ್ತಿರ ಕ್ಯಾನ್ಸರ್ ಗಡ್ಡೆ. ಆಪರೇಷನ್ ಮಾಡಿ ಚೀಲ ಹಾಕಬೇಕು ಎಂದು ಡಾಕ್ಟರು ಮಗನಿಗೆ ಹೇಳುತ್ತಾರೆ. ಮಗ ಮನೆಗೆ ಬಂದು, "ಅಮ್ಮನಿಗೆ ಏನೂ ಹೇಳಬೇಡಿ. ಚಿಕ್ಕ ಆಪರೇಷನ್ ಅಂತ ಹೇಳಿ ಸಾಕು" ಅನ್ನುತ್ತಾನೆ.

ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತದೆ. ಪ್ರೀತಿಯಿಂದಲೇ ಮುಚ್ಚಿಡುತ್ತಾರೆ. ಆದರೆ ಯೋಚನೆ ಮಾಡಿ. ಆ ತಾಯಿ ಆಪರೇಷನ್ ಆಗಿ ಎಚ್ಚರಾಗುತ್ತಾಳೆ. ಹೊಟ್ಟೆ ಮುಟ್ಟಿ ನೋಡುತ್ತಾಳೆ. ಪ್ಲಾಸ್ಟಿಕ್ ಚೀಲ ಕೈಗೆ ಸಿಗುತ್ತದೆ. ಒಳಗೆ ಮಲ. ಯಾರೂ ಅವಳಿಗೆ ಹೇಳಿಯೇ ಇಲ್ಲ. ಆಮೇಲೆ ಅವಳು ಯಾರ ಮಾತು ನಂಬಬೇಕು?

ದೇಹ ಅವಳದು. ಮೊದಲೇ ಹೇಳಬೇಕು. ಕರುಳು ಒಡೆದು ತುರ್ತಾಗಿ ಆಪರೇಷನ್ ಮಾಡುವಾಗ ಹೇಳಲು ಸಮಯ ಇರುವುದಿಲ್ಲ, ಆ ಮಾತು ಬೇರೆ. ಆಗ ಎಚ್ಚರಾದ ಮೇಲೆ ಹೇಳಬೇಕು. ಒಂದು ಸಲ ಹೇಳಿದರೆ ತಲೆಗೆ ಹೋಗುವುದಿಲ್ಲ. ಎರಡು ಮೂರು ಸಲ ಹೇಳಬೇಕು.

ನಮ್ಮ ಈ ಮನೆಯಲ್ಲಿ ಸೊಸೆ ಸುಮ್ಮನಿರಲಿಲ್ಲ. ರಾತ್ರಿ ಪಾತ್ರೆ ತೊಳೆದು ಅತ್ತೆಯ ಹತ್ತಿರ ಕೂತಳು.

"ಅತ್ತೆ, ನಿಮಗೆ ಒಂದು ಮಾತು ಹೇಳಬೇಕು."

"ಹೇಳವ್ವ. ನನಗೆ ಗೊತ್ತು, ಏನೋ ಮುಚ್ಚಿಡ್ತಾ ಇದ್ದೀರಿ."

ಸೊಸೆ ಎಲ್ಲ ಹೇಳಿದಳು. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು:

"ಬೇಡವ್ವ. ಆಪರೇಷನ್ನೇ ಬೇಡ. ಸತ್ತರೆ ಸಾಯ್ತೀನಿ. ಹೇಲು ಹೊತ್ಕೊಂಡು ದೇವರ ಮನೆಗೆ ಹೆಂಗೆ ಹೋಗಲಿ? ನನ್ನ ಕೈಯಿಂದ ಯಾರು ಅನ್ನ ಉಣ್ತಾರೆ? ಮೊಮ್ಮಕ್ಕಳು ಹತ್ತಿರ ಬರ್ತಾವಾ?"

ಅವಳ ಮಾತು ಗಮನಿಸಿ. ಅವಳು ಸಾವಿಗೆ ಹೆದರಲಿಲ್ಲ. ನೋವಿಗೂ ಹೆದರಲಿಲ್ಲ. ಮನೆಯವರು ದೂರ ಇಡುತ್ತಾರೆ ಅಂತ ಹೆದರಿದಳು.

ಇಂಥ ಹೊತ್ತಿನಲ್ಲಿ ನಾವು ಏನೇನೋ ಹೇಳಿಬಿಡುತ್ತೇವೆ. "ಅಳಬೇಡ" ಅನ್ನುತ್ತೇವೆ. "ಜೀವ ಉಳಿದರೆ ಸಾಲದಾ?" ಅನ್ನುತ್ತೇವೆ. "ಇನ್ನೊಬ್ಬರಿಗೆ ಇದಕ್ಕಿಂತ ಕಷ್ಟ ಇದೆ" ಅನ್ನುತ್ತೇವೆ. ಇದರಿಂದ ಅವರ ಬಾಯಿ ಮುಚ್ಚುತ್ತದೆ, ದುಃಖ ಹಾಗೇ ಒಳಗೆ ಉಳಿಯುತ್ತದೆ. ಬದಲಿಗೆ ಅಳಲು ಬಿಡಿ. ಪಕ್ಕದಲ್ಲಿ ಕೂತಿರಿ. "ಯಾವುದಕ್ಕೆ ಹೆಚ್ಚು ಭಯ ಆಗ್ತಿದೆ?" ಅಂತ ಕೇಳಿ. ಉತ್ತರ ಬರುವ ತನಕ ಕಾಯಿರಿ. ಗೊತ್ತಿದ್ದದ್ದು ಹೇಳಿ. ಗೊತ್ತಿಲ್ಲದ್ದನ್ನು "ನಾಳೆ ಸಿಸ್ಟರ್ ಹತ್ತಿರ ಕೇಳೋಣ" ಅನ್ನಿ.

ಸೊಸೆ ಹಾಗೇ ಮಾಡಿದಳು. ದೇವರ ಮನೆ ಮಾತಿಗೆ ಮಾತ್ರ ನಗುತ್ತಾ ಹೇಳಿದಳು: "ಅತ್ತೆ, ಈಗಲೂ ಎಲ್ಲರ ಹೊಟ್ಟೆಯಲ್ಲೂ ಅದು ಇದ್ದೇ ಇದೆ. ಪೂಜಾರಪ್ಪನ ಹೊಟ್ಟೆಯಲ್ಲೂ ಇದೆ. ನಿಮ್ಮದು ಚೀಲದಲ್ಲಿ ಇರುತ್ತೆ, ಅಷ್ಟೇ."

ಆಪರೇಷನ್ನಿಗೆ ಮೊದಲು

ಮನಸ್ಸಿನ ಭಯ ಬರೀ ಮಾತಿನಿಂದ ಹೋಗುವುದಿಲ್ಲ. ಕಣ್ಣಿಂದ ನೋಡಬೇಕು, ಕೈಯಿಂದ ಮುಟ್ಟಬೇಕು. ಆಪರೇಷನ್ನಿಗೆ ಮೊದಲೇ ಚೀಲವನ್ನು ತೋರಿಸಿ ಎಂದು ಕೇಳಿ. ಖಾಲಿ ಚೀಲ ಕೈಯಲ್ಲಿ ಹಿಡಿದು ನೋಡಿ. ಅದರಲ್ಲಿ ಸ್ವಲ್ಪ ನೀರು ಹಾಕಿ ಹೊಟ್ಟೆಗೆ ಅಂಟಿಸಿಕೊಂಡು ಒಂದು ದಿನ ಓಡಾಡಬಹುದು. ಸೀರೆ ಉಟ್ಟರೆ ಕಾಣಿಸುತ್ತದಾ, ಕೂತರೆ ಒತ್ತುತ್ತದಾ, ಎಲ್ಲ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಸ್ಟೋಮಾ ಎಲ್ಲಿ ಬರಬೇಕು ಎಂದು ಮೊದಲೇ ಹೊಟ್ಟೆಯ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಆಗ ನಾಚಿಕೆ ಬಿಟ್ಟು ಬಾಯಿ ಬಿಡಬೇಕು. ನೀವು ಲಂಗದ ಲಾಡಿ ಎಲ್ಲಿ ಕಟ್ಟುತ್ತೀರಿ, ನೆರಿಗೆ ಎಲ್ಲಿ ಸಿಕ್ಕಿಸುತ್ತೀರಿ ತೋರಿಸಿ. ಲಾಡಿಯ ಜಾಗಕ್ಕೇ ಸ್ಟೋಮಾ ಬಂದರೆ ದಿನಾ ಒತ್ತುತ್ತದೆ, ಚೀಲ ಕಿತ್ತು ಬರುತ್ತದೆ. ನಿಂತು ತೋರಿಸಿ. ಚಕ್ಕಳಮಕ್ಕಳ ಹಾಕಿ ಕೂತು ತೋರಿಸಿ. ಕುಕ್ಕರುಗಾಲಲ್ಲಿ ಕೂತು, ಬಗ್ಗಿ ತೋರಿಸಿ. ಹೊಟ್ಟೆ ಮಡಿಸುವ ಜಾಗ, ಹಳೆಯ ಹೊಲಿಗೆಯ ಜಾಗ ಬೇಡ. ನಿಮ್ಮ ಕಣ್ಣಿಗೆ ಕಾಣುವ ಜಾಗ ಬೇಕು. ಕಂಡರೆ ತಾನೆ ನೀವೇ ನೋಡಿಕೊಳ್ಳಲು ಆಗುವುದು? ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೇ ಕಲಿತ ಸ್ಟೋಮಾ ನರ್ಸ್ ಇರುತ್ತಾರೆ. ಇದ್ದಾರಾ ಎಂದು ಕೇಳಿ.

ಒಪ್ಪಿಗೆಯ ಕಾಗದ ತರುತ್ತಾರೆ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ನಿಮಗೆ ಓದಲು ಬರುತ್ತದೆ. ನಿಧಾನವಾಗಿ ಓದಿ. ಇಂಗ್ಲಿಷಿನಲ್ಲಿ ಇದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಅರ್ಥ ಆದ ಮೇಲೆ ಸಹಿ ಹಾಕಿ.

ಇದಕ್ಕಿಂತ ದೊಡ್ಡ ಔಷಧಿ ಇನ್ನೊಂದಿದೆ. ಚೀಲ ಹಾಕಿಕೊಂಡು ಬದುಕುತ್ತಿರುವ ಇನ್ನೊಬ್ಬರನ್ನು ಭೇಟಿ ಮಾಡುವುದು. ಡಾಕ್ಟರ ಹತ್ತು ಮಾತು, ಅವರ ಒಂದು ಮಾತಿಗೆ ಸಮ ಆಗುವುದಿಲ್ಲ. ನಮ್ಮ ಅತ್ತೆಗೂ ಆಸ್ಪತ್ರೆಯಲ್ಲಿ ಅಂಥ ಒಬ್ಬ ಹೆಂಗಸು ಸಿಕ್ಕಳು ಅಂದುಕೊಳ್ಳಿ. ತಪಾಸಣೆಗೆ ಬಂದವಳು. ಮಲ್ಲಿಗೆ ಮುಡಿದು ನಿಂತಿದ್ದಳು. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಚೀಲ ಎಲ್ಲಿದೆ ತಾಯಿ?"

"ಇಲ್ಲೇ ಇದೆ ಅಮ್ಮ, ಸೀರೆ ಒಳಗೆ."

"ವಾಸನೆ?"

"ನಿಮಗೆ ಬರ್ತಾ ಇದೆಯಾ?"

ಅತ್ತೆ ಮೂಗು ಅರಳಿಸಿ ನೋಡಿದಳು. ಮಲ್ಲಿಗೆ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಸಹಿ ಹಾಕಲು ಒಪ್ಪಿಕೊಂಡಳು.

ಇಂಥವರನ್ನು ಭೇಟಿ ಮಾಡಿಸಿ ಎಂದು ನಿಮ್ಮ ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ. ಸ್ಟೋಮಾ ಇರುವವರ ಸಂಘಗಳೂ ಇವೆ.

ಒಬ್ಬ ತಂಗಿಗಾಗಿ

ಈ ಚೀಲ ಹುಟ್ಟಿದ ಕಥೆ ಕೇಳಿ. ಡೆನ್ಮಾರ್ಕ್ ಎಂಬ ದೇಶ. ಅಲ್ಲಿ ಎಲಿಸ್ ಸೋರೆನ್ಸನ್ ಎಂಬ ನರ್ಸ್ ಇದ್ದಳು. ಅವಳ ಒಡಹುಟ್ಟಿದವಳು ಥೋರಾ. ಥೋರಾಗೆ ಸ್ಟೋಮಾ ಆಪರೇಷನ್ ಆಯಿತು. ಆಗ ಈಗಿನಂಥ ಚೀಲ ಇರಲಿಲ್ಲ. ಬಟ್ಟೆ ಸುತ್ತುತ್ತಿದ್ದರು. ಬೆಲ್ಟಿಗೆ ಡಬ್ಬಿಯನ್ನೋ ರಬ್ಬರ್ ಚೀಲವನ್ನೋ ಕಟ್ಟುತ್ತಿದ್ದರು. ಅದು ಸೋರುತ್ತಿತ್ತು. ವಾಸನೆ ಬರುತ್ತಿತ್ತು. ಎಲ್ಲಿ ಸೋರಿಬಿಡುತ್ತದೋ ಅಂತ ಥೋರಾ ಹೊರಗೆ ಹೋಗುವುದನ್ನೇ ಬಿಟ್ಟಳು.

ಎಲಿಸ್ ಇದನ್ನು ನೋಡಿದಳು. ಚರ್ಮಕ್ಕೆ ಗಟ್ಟಿಯಾಗಿ ಅಂಟುವ, ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲ ಆದರೆ ಹೇಗೆ ಅಂತ ಯೋಚಿಸಿದಳು. ಅದು 1954. ಪ್ಲಾಸ್ಟಿಕ್ ಕಾರ್ಖಾನೆಯ ಯಜಮಾನ ಒಬ್ಬನಿಗೆ ಇದನ್ನು ಹೇಳಿದಳು. ಅವನಿಗೆ ಮೊದಲು ಮನಸ್ಸಿರಲಿಲ್ಲ. ಅವನ ಹೆಂಡತಿಯೂ ನರ್ಸ್. ಅವಳಿಗೆ ವಿಷಯ ಅರ್ಥ ಆಯಿತು. ಗಂಡನನ್ನು ಒಪ್ಪಿಸಿದಳು. ಈಗ ದೇಶ ದೇಶಗಳಲ್ಲಿ ಬಳಸುವ ಅಂಟು ಚೀಲ ಹುಟ್ಟಿದ್ದು ಹೀಗೆ. ಅದರ ಹಿಂದೆ ಇದ್ದದ್ದು ಮೂರು ಹೆಂಗಸರು ಅನ್ನುವುದು ನಮಗೆ ಗೊತ್ತಿರಲಿ.

ಆಪರೇಷನ್ ಆದ ಮೇಲೆ

ಮೊದಲ ದಿನ ಅನೇಕರು ಹೊಟ್ಟೆಯ ಕಡೆ ನೋಡುವುದೇ ಇಲ್ಲ. ಗೋಡೆ ಕಡೆ ಮುಖ ತಿರುಗಿಸುತ್ತಾರೆ. ಬಲವಂತ ಮಾಡಬೇಡಿ. ಒಂದು ದಿನ ಬರೀ ನೋಡಲಿ. ಇನ್ನೊಂದು ದಿನ ಮುಟ್ಟಲಿ. ಆಮೇಲೆ ಚೀಲ ಖಾಲಿ ಮಾಡಲು ಕಲಿಯಲಿ. ಆಮೇಲೆ ಬದಲಾಯಿಸಲು ಕಲಿಯಲಿ. ರೊಟ್ಟಿ ತಟ್ಟಲು ನಾವು ಒಂದೇ ದಿನದಲ್ಲಿ ಕಲಿತೆವಾ?

ಜೊತೆಯಲ್ಲಿ ಇರುವವರ ಮುಖವನ್ನು ಅವರು ನೋಡುತ್ತಿರುತ್ತಾರೆ. ನೀವು ಮೂಗು ಮುಚ್ಚಿಕೊಂಡರೆ ಅವರು ಅದನ್ನು ಎಂದೂ ಮರೆಯುವುದಿಲ್ಲ. ನಿಮಗೂ ಮೊದಲು ಕಷ್ಟ ಆಗುತ್ತದೆ, ಅದು ತಪ್ಪಲ್ಲ. ಮಗುವಿನ ಬಟ್ಟೆ ಒಗೆದ ಕೈ ನಮ್ಮದು. ನಾಲ್ಕು ದಿನದಲ್ಲಿ ರೂಢಿ ಆಗುತ್ತದೆ. ಆದರೆ ಎಲ್ಲವನ್ನೂ ನೀವೇ ಮಾಡಬೇಡಿ. ಕೈಯಲ್ಲಿ ಶಕ್ತಿ ಇದ್ದವರು ತಮ್ಮ ಚೀಲ ತಾವೇ ನೋಡಿಕೊಂಡರೆ ಅವರಿಗೆ ಧೈರ್ಯ ಬರುತ್ತದೆ.

ಚೀಲದ ಮೂರರಲ್ಲಿ ಒಂದು ಭಾಗ ತುಂಬಿದಾಗಲೇ ಕಕ್ಕಸಿನಲ್ಲಿ ಖಾಲಿ ಮಾಡಬೇಕು. ಭಾರ ಆದರೆ ಕಿತ್ತುಕೊಳ್ಳುತ್ತದೆ. ಸರಿಯಾಗಿ ಅಂಟಿದ ಚೀಲದಿಂದ ವಾಸನೆ ಬರುವುದಿಲ್ಲ. ಖಾಲಿ ಮಾಡುವಾಗ ಮಾತ್ರ ಬರುತ್ತದೆ, ಅದು ಎಲ್ಲರಿಗೂ ಬರುವುದೇ. ಸಾಮಾನ್ಯವಾಗಿ ಮೂರು ನಾಲ್ಕು ದಿನಕ್ಕೆ ಒಂದು ಸಲ ಹೊಸ ಚೀಲ ಹಾಕುತ್ತಾರೆ. ಸೋರಿದರೆ, ಸುತ್ತ ಕೆರೆತ ಬಂದರೆ ಕೂಡಲೇ ಬದಲಾಯಿಸಿ. ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕು. ಅರಿಶಿನ, ಕೊಬ್ಬರಿ ಎಣ್ಣೆ, ಪೌಡರು ಹಚ್ಚಬೇಡಿ. ಹಚ್ಚಿದರೆ ಚೀಲ ಅಂಟುವುದಿಲ್ಲ. ಹಳೆಯ ಚೀಲವನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಕಕ್ಕಸಿನ ಗುಂಡಿಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ.

ಕೆಲವರಿಗೆ ಒಂದು ವಿಚಿತ್ರ ಆಗುತ್ತದೆ. ಕೆಳಗಿನ ದಾರಿ ತೆಗೆದು ಹೊಲಿದಿರುತ್ತಾರೆ. ಆದರೂ ಮೊದಲಿನ ಹಾಗೆ ಹೊರಕಡೆಗೆ ಹೋಗಬೇಕು ಅನ್ನಿಸುತ್ತದೆ. "ನನಗೆ ತಲೆ ಕೆಟ್ಟಿತಾ?" ಅಂತ ಹೆದರುತ್ತಾರೆ. ಇಲ್ಲ. ನರಗಳಿಗೆ ಹಳೆಯ ನೆನಪು ಇರುತ್ತದೆ. ಮೊದಲೇ ಗೊತ್ತಿದ್ದರೆ ಹೆದರಿಕೆ ಇಲ್ಲ.

ಊಟದ ಬಗ್ಗೆ ಡಾಕ್ಟರು ಹೇಳಿದ ಹಾಗೆ ನಡೆಯಿರಿ. ಈರುಳ್ಳಿ, ಕೋಸು, ಮೊಟ್ಟೆ, ಮೀನು ವಾಸನೆ ಹೆಚ್ಚು ಮಾಡುತ್ತವೆ. ಮೊಸರು, ಮಜ್ಜಿಗೆ ಒಳ್ಳೆಯದು. ಇಲಿಯಾಸ್ಟಮಿ ಇರುವವರಿಗೆ ಮಲ ನೀರಾಗಿ ಬರುತ್ತದೆ. ಅವರಿಗೆ ನೀರು, ಉಪ್ಪು ಹೆಚ್ಚು ಬೇಕು. ಕೊಬ್ಬರಿ ಚೂರು, ಜೋಳದ ತೆನೆ ಅವರ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಚೆನ್ನಾಗಿ ಅಗಿದು ನುಂಗಬೇಕು.

ಸ್ಟೋಮಾ ಕಪ್ಪಗೆ ಅಥವಾ ನೀಲಿಯಾಗಿ ತಿರುಗಿದರೆ, ಮಲ ನಿಂತು ಹೊಟ್ಟೆ ನೋವು, ವಾಂತಿ ಬಂದರೆ, ಒಳಗಿನಿಂದ ರಕ್ತ ಹರಿದರೆ, ನೀರಿನಂಥ ಮಲ ನಿಲ್ಲದೆ ಹೋದರೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಗಂಡ ಹೆಂಡತಿ, ಕೆಲಸ, ನಾಲ್ಕು ಜನ

ವಯಸ್ಸಿನ ಹೆಣ್ಣುಮಕ್ಕಳಿಗೆ ಬೇರೆ ಚಿಂತೆ. ಗಂಡ ಹತ್ತಿರ ಬರುತ್ತಾನಾ? ಬಿಟ್ಟುಬಿಡುತ್ತಾನಾ? ಇದನ್ನು ಅವರು ತಾಯಿಗೂ ಹೇಳುವುದಿಲ್ಲ. ಹಾಗಾಗಿ ನಾವೇ ಹೇಳಿಬಿಡೋಣ. ಗಾಯ ಮಾಗಿದ ಮೇಲೆ ಗಂಡ ಹೆಂಡತಿ ಸೇರಬಹುದು. ಯಾವಾಗ ಎಂದು ಡಾಕ್ಟರನ್ನು ಕೇಳಬೇಕು. ಸೇರಿದರೆ ಸ್ಟೋಮಾಗೆ ಏನೂ ಆಗುವುದಿಲ್ಲ. ಮೊದಲು ಚೀಲ ಖಾಲಿ ಮಾಡಿ, ಮೇಲೆ ಮೆತ್ತನೆಯ ಬಟ್ಟೆ ಕಟ್ಟಿಕೊಳ್ಳಬಹುದು. ನೋವಾದರೆ ಸಹಿಸಿಕೊಂಡು ಇರಬೇಡಿ, ಡಾಕ್ಟರಿಗೆ ಹೇಳಿ. ಸ್ಟೋಮಾ ಇದ್ದೂ ಬಸಿರಾಗಿ ಮಕ್ಕಳನ್ನು ಹೆತ್ತವರು ಇದ್ದಾರೆ. ಗಂಡನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವನಿಗೂ ಭಯ ಇರುತ್ತದೆ. ಗಂಡಸರು ಭಯವನ್ನು ಸಿಟ್ಟಾಗಿ ತೋರಿಸುತ್ತಾರೆ, ನಿಮಗೇ ಗೊತ್ತಲ್ಲ.

ಮೊದಲ ಕೆಲವು ತಿಂಗಳು ಭಾರ ಎತ್ತಬಾರದು. ನೀರಿನ ಕೊಡ, ಸೌದೆ ಹೊರೆ, ಅಕ್ಕಿ ಮೂಟೆ ಬೇಡ. ಎತ್ತಿದರೆ ಸ್ಟೋಮಾ ಪಕ್ಕದಲ್ಲಿ ಕರುಳು ಉಬ್ಬಿಕೊಂಡು ಬರಬಹುದು. "ಮನೆಯಲ್ಲಿ ಸುಮ್ಮನೆ ಕೂತು ಉಣ್ತಾಳೆ" ಎಂಬ ಒಂದು ಮಾತು ಆಗ ಎಷ್ಟು ಚುಚ್ಚುತ್ತದೆ ನೋಡಿ. ಕೊಡ ಬೇರೆಯವರು ಹೊರಲಿ. ಕಾಳು ಆರಿಸುವುದು, ಸೊಪ್ಪು ಬಿಡಿಸುವುದು ಮಾಡಲಿ. ಅಡುಗೆಯನ್ನೂ ಮಾಡಬಹುದು. ಅವರು ಮಾಡಿದ ಅಡುಗೆ ಉಣ್ಣಲು ಹಿಂದೆಮುಂದೆ ನೋಡಬೇಡಿ. ಸ್ನಾನ ಮಾಡಬಹುದು. ಬಸ್ಸಿನಲ್ಲಿ ಹೋಗಬಹುದು, ಚೀಲದ ಜೊತೆ ಇನ್ನೊಂದು ಚೀಲ ಇಟ್ಟುಕೊಂಡರೆ ಆಯಿತು. ಮದುವೆ, ಜಾತ್ರೆ, ಸಂಘದ ಸಭೆ ಎಲ್ಲದಕ್ಕೂ ಹೋಗಬಹುದು. ಊರಿನವರಿಗೆಲ್ಲ ಹೇಳಬೇಕು ಅಂತೇನೂ ಇಲ್ಲ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎನ್ನುವುದು ಆ ಹೆಂಗಸಿಗೆ ಬಿಟ್ಟದ್ದು.

ದುಡ್ಡಿನ ಚಿಂತೆಯೂ ನಿದ್ದೆ ಕೆಡಿಸುತ್ತದೆ. ಚೀಲ ಪದೇ ಪದೇ ಕೊಳ್ಳಬೇಕು. 2022ರ ಜುಲೈನಲ್ಲಿ ಸರ್ಕಾರ ಇದರ ಮೇಲಿನ ತೆರಿಗೆಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿತು. ಆದರೂ ಬಡವರಿಗೆ ಅದು ಭಾರವೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಪರೇಷನ್ ಆಗುತ್ತದಾ, ಚೀಲ ಸಿಗುತ್ತದಾ ಎಂದು ಆಸ್ಪತ್ರೆಯಲ್ಲೇ ಕೇಳಿ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ.

ದುಃಖ ಹೋಗದಿದ್ದರೆ

ಕೆಲವು ವಾರ ಅಳು ಬರುವುದು ಸಹಜ. ಆದರೆ ಕೆಲವರು ಊಟ ಬಿಡುತ್ತಾರೆ. ನಿದ್ದೆ ಬರುವುದಿಲ್ಲ. ತಲೆ ಬಾಚುವುದಿಲ್ಲ. ಸೋರುತ್ತದೆ ಅಂತ ಹೆದರಿ ಅನ್ನ ನೀರನ್ನೇ ಕಡಿಮೆ ಮಾಡುತ್ತಾರೆ. "ನಾನು ಯಾಕಾದರೂ ಉಳಿದೆ" ಅನ್ನುತ್ತಾರೆ. ಅದನ್ನು ಸುಮ್ಮನೆ ಆಡಿದ ಮಾತು ಅಂತ ಬಿಡಬೇಡಿ. ಒಬ್ಬರನ್ನೇ ಬಿಡಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಡಾಕ್ಟರಿಗೆ ತೋರಿಸಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು 14416 ಎಂಬ ಫೋನ್ ನಂಬರ್ ಇದೆ. ಇದರ ಹೆಸರು ಟೆಲಿ ಮಾನಸ್. 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ದುಡ್ಡು ಇಲ್ಲ. ಕನ್ನಡದಲ್ಲಿ ಮಾತಾಡುತ್ತಾರೆ.

ಬರೆಯಿರಿ

ನಮ್ಮ ಸೊಸೆ ಆಪರೇಷನ್ನಿನ ಹಿಂದಿನ ದಿನ ನೋಟ್ ಪುಸ್ತಕದಲ್ಲಿ ಕೆಲವು ಪ್ರಶ್ನೆ ಬರೆದಳು. ಅತ್ತೆ ಹೇಳಿದಳು, ಸೊಸೆ ಬರೆದಳು. ನೀವೂ ದಪ್ಪ ಅಕ್ಷರದಲ್ಲಿ ಬರೆದು ನೋಡಿ.

ಈ ಚೀಲ ಎಷ್ಟು ದಿನ? ಮುಚ್ಚುತ್ತೀರಾ, ಇಲ್ಲವಾ?

ಗುರುತು ಎಲ್ಲಿ ಹಾಕುತ್ತೀರಿ? ನನ್ನ ಲಾಡಿ ಇಲ್ಲಿ ಬರುತ್ತದೆ.

ಚೀಲ ಹಾಕುವುದನ್ನು ನನಗೆ ಯಾರು ಕಲಿಸುತ್ತಾರೆ?

ಹೊಸ ಚೀಲ ಎಲ್ಲಿ ಸಿಗುತ್ತದೆ? ಬೆಲೆ ಎಷ್ಟು?

ರಾತ್ರಿ ತೊಂದರೆ ಆದರೆ ಯಾವ ನಂಬರಿಗೆ ಫೋನ್ ಮಾಡಲಿ?

ಮೊಮ್ಮಗನನ್ನು ಯಾವಾಗ ಎತ್ತಿಕೊಳ್ಳಬಹುದು?

ಒಂದೊಂದು ಪ್ರಶ್ನೆಯ ಕೆಳಗೆ ಎರಡು ಗೆರೆ ಜಾಗ ಬಿಡಿ. ಡಾಕ್ಟರು ಹೇಳುವ ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ಅವರು ಬೇಗ ಬೇಗ ಹೇಳಿದರೆ, "ನಿಧಾನವಾಗಿ ಹೇಳಿ ಸಾರ್, ಬರೆದುಕೊಳ್ತಾ ಇದ್ದೀನಿ" ಅನ್ನಿ.